ಅಪ್ಪನ ಕೊಕ್ಕರೆ ಸೈಕಲ್ಲು

"ಮೇಡಂಗೆ ಏನೋ ಆಗಿದೆ" ಎಂದು ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ. ಟೀಚರಾಗಿರುವುದರ ಒಂದು ಲಾಭ ಇದು. ಊರಿನ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ನಮ್ಮ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ ಆಗಿರುವುದರಿಂದ ಎದುರಿಗೆ ಬಾಯಿ ಬಿಡುವುದಿಲ್ಲ. ಆದರೆ 2023ರ ಬೇಸಿಗೆ ರಜೆಯಲ್ಲಿ ಬಿಳಿಚೋಡಿನ ಸೈಕಲ್ ಶಾಪಿನ ಮುಂದೆ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ, ದಿನವೂ ಎರಡೆರಡು ಗಂಟೆ ಕೂರುತ್ತಿದ್ದ ನನ್ನನ್ನು ಕಂಡವರು ಹಿಂದಿನಿಂದ ಮಾತಾಡಿಕೊಂಡದ್ದು ನಮ್ಮ ಮನೆಯವರ ಕಿವಿಗೆ ಬಿದ್ದಿತ್ತು. ಒಂದು ಸಂಜೆ ಕಾಫಿ ಲೋಟ ಕೈಗೆತ್ತಿಕೊಂಡು, "ಸೈಕಲ್ ಶಾಪಿನಲ್ಲಿ ಪಾರ್ಟ್‌ಟೈಂ ಕೆಲಸವಂತೆ. ಸಂಬಳ ಎಷ್ಟು ಕೊಡ್ತಾರೆ?" ಎಂದರು.

ಸಂಬಳದ ಮಾತಿರಲಿ, ನಾನೇ ಅಲ್ಲಿ ದುಡ್ಡು ಸುರಿಯುತ್ತಿದ್ದೆ. ಅದೂ ಹೊಸ ಸೈಕಲ್ಲಿಗಲ್ಲ. ನಮ್ಮಪ್ಪ 1962ರಲ್ಲಿ ದಾವಣಗೆರೆಯಲ್ಲಿ ಯಾರಿಂದಲೋ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ತಂದ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ಒಂದು ಹಳೆಯ ರ್‍ಯಾಲಿ ಸೈಕಲ್ಲಿಗೆ. ಅದರ ಹ್ಯಾಂಡಲ್ಲಿನ ಕೆಳಗೆ ಹಿತ್ತಾಳೆಯ ಬಿಲ್ಲೆಯೊಂದಿದೆ. ಬಿಲ್ಲೆಯ ಮೇಲೆ ಉದ್ದ ಕೊಕ್ಕಿನ ಹಕ್ಕಿಯ ತಲೆ. ಪೆಡಲಿನ ಹತ್ತಿರದ ಹಲ್ಲಿನ ಚಕ್ರದಲ್ಲೂ ಅದೇ ಹಕ್ಕಿ. ಅದು ಆ ಕಂಪನಿಯ ಗುರುತು. ನಮಗೆ ಕಂಪನಿ ಗಿಂಪನಿ ಏನು ಗೊತ್ತು? ಅಣ್ಣನಿಗೂ ನನಗೂ ಅದು "ಕೊಕ್ಕರೆ ಸೈಕಲ್ಲು".

ಬಿಳಿಚೋಡಿನಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಹಳ್ಳಿ ನಮ್ಮದು. ಆಗ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಅದಕ್ಕೆ ಸೇರಿತು. ಸರ್ಕಾರ ಇದನ್ನು ಮಾಡುವುದಕ್ಕೆ ಮೂವತ್ತೈದು ವರ್ಷ ಮೊದಲೇ ನಮ್ಮಪ್ಪ ಮನಸ್ಸಿನಲ್ಲಿ ಮಾಡಿಕೊಂಡಿದ್ದರು. ಅವರ ಲೋಕವೆಲ್ಲ ದಾವಣಗೆರೆಯ ಕಡೆಗೇ ಮುಖ ಮಾಡಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಆ ಊರನ್ನು ಕರೆಯುತ್ತಿದ್ದ ಹತ್ತಿ ಗಿರಣಿಗಳ ಕಾಲ. ಅಲ್ಲಿಂದ ಸೀರೆ, ಪಂಚೆ, ಟವೆಲು, ರವಿಕೆ ಕಣಗಳನ್ನು ತಂದು, ದೊಡ್ಡ ಗಂಟು ಕಟ್ಟಿ, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದು, ಆಸಗೋಡು, ಸೊಕ್ಕೆ, ಜಗಳೂರು ಎಂದು ಸಂತೆಯಿಂದ ಸಂತೆಗೆ, ಹಳ್ಳಿಯಿಂದ ಹಳ್ಳಿಗೆ ತಿರುಗಿ ಮಾರುತ್ತಿದ್ದರು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಹೇಳುತ್ತಾನೆ, ದೂರದೂರ ಲಗೇಜು ಹೇರಿಕೊಂಡು ಹೋಗುವ ಸೈಕಲ್ಲಿಗೆ "ಟೂರಿಂಗ್ ಸೈಕಲ್" ಎನ್ನುತ್ತಾರಂತೆ, ಅದಕ್ಕೆ ಲಕ್ಷಗಟ್ಟಲೆ ಬೆಲೆಯೂ ಇದೆಯಂತೆ. ಹಾಗೆ ನೋಡಿದರೆ ನಮ್ಮಪ್ಪ ಜೀವನವಿಡೀ ಟೂರಿನಲ್ಲಿದ್ದವರೇ ಅನ್ನಿ.

ಆ ಸೈಕಲ್ಲಿನ ಚರಿತ್ರೆಯನ್ನು ಅಪ್ಪ ಹೇಳುತ್ತಿದ್ದದ್ದು ಒಂದೇ ವಾಕ್ಯದಲ್ಲಿ: "ವ್ಯಾಪಾರದ ಮೊದಲನೇ ವರ್ಷದ ಲಾಭದಾಗೆ ತಂದಿದ್ದು." ಅದನ್ನು ಕೇಳಿಕೊಂಡೇ ನಾನು ಬೆಳೆದೆ. ಟೀಚರಾದ ಮೇಲೆ ಶಾಲಾ ವಾರ್ಷಿಕೋತ್ಸವಗಳಲ್ಲಿ, ಸ್ವಂತ ದುಡಿಮೆಯ ಮೇಲೆ ಮಾತಾಡಬೇಕಾದಾಗಲೆಲ್ಲ, ಆ ವಾಕ್ಯಕ್ಕೆ ಉಪ್ಪು ಖಾರ ಹಚ್ಚಿ ಮಕ್ಕಳಿಗೆ ಬಡಿಸಿದ್ದೇನೆ. ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ.

ನಾನು ಸೈಕಲ್ ಕಲಿತದ್ದು ಅಪ್ಪ ಊಟ ಮಾಡಿ ಮಲಗಿದ ಹೊತ್ತಿನಲ್ಲಿ. ಗಂಡಸರ ದೊಡ್ಡ ಸೈಕಲ್ಲು. ಸೀಟು ನನ್ನ ಎದೆಯ ಮಟ್ಟಕ್ಕಿತ್ತು. ಹಳ್ಳಿಯ ಮಕ್ಕಳೆಲ್ಲ ಮಾಡುವಂತೆ ಮೇಲಿನ ಬಾರಿನ ಕೆಳಗೆ ಒಳಗಿನಿಂದ ಕಾಲು ತೂರಿಸಿ, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಬಾರು ಹಿಡಿದು, ಸೊಟ್ಟಸೊಟ್ಟಗೆ ಅರ್ಧ ಪೆಡಲು ತುಳಿಯುತ್ತಿದ್ದೆ. ಹನ್ನೊಂದನೇ ವಯಸ್ಸಿಗೆ ಒಂದು ದಿನ ಬಾರಿನ ಮೇಲಿಂದಲೇ ಕಾಲು ಹಾಕಿ ಊರ ಮುಂದಿನ ಬಾವಿಯವರೆಗೆ ಹೋಗಿ ಬಂದೆ. ಇಳಿಯುವುದು ಗೊತ್ತಾಗದೆ ತಿಪ್ಪೆಗೆ ನುಗ್ಗಿಸಿದ್ದು ಬೇರೆ ಮಾತು. ಎರಡು ವರ್ಷದ ಮೇಲೆ ನಾನು ದೊಡ್ಡವಳಾದೆ. ಅಜ್ಜಿ ಒಂದೇ ಮಾತು ಹೇಳಿದರು, ಮುಗಿಯಿತು. ಹೆಣ್ಣುಮಕ್ಕಳು ಏನೇನು ಬಿಡಬೇಕಾಗುತ್ತದೆಂಬ ಪಟ್ಟಿಯಲ್ಲಿ ಸೈಕಲ್ಲು ಬಹಳ ಕೆಳಗೆ ಬರುತ್ತದೆ. ಯಾರೂ ಅದಕ್ಕಾಗಿ ಅಳುವುದಿಲ್ಲ. ನಾನೂ ಅಳಲಿಲ್ಲ. ಆದರೆ ಅಪ್ಪ ನನ್ನನ್ನು ಶಾಲೆ ಬಿಡಿಸಲಿಲ್ಲ ನೋಡಿ, ಅದು ದೊಡ್ಡದು. ಬಿಳಿಚೋಡಿನ ಹೈಸ್ಕೂಲಿಗೆ ಮೂರು ವರ್ಷ ಅದೇ ಸೈಕಲ್ಲಿನ ಹಿಂದೆ, ಬಟ್ಟೆಯ ಗಂಟಿನ ಪಕ್ಕದಲ್ಲಿ ಕೂರಿಸಿಕೊಂಡು ಕರೆದುತಂದರು. 1984ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮ ಬೀದಿಗೆ ನಾನೇ ಮೊದಲನೆಯವಳು.

ಅಪ್ಪ ತೀರಿಕೊಂಡದ್ದು 2017ರಲ್ಲಿ. ಅಷ್ಟರಲ್ಲಾಗಲೇ ಹತ್ತು ಹನ್ನೆರಡು ವರ್ಷದಿಂದ ಸೈಕಲ್ಲು ಕೊಟ್ಟಿಗೆ ಸೇರಿತ್ತು. ಮೇಲೆ ಈರುಳ್ಳಿ ಚೀಲ, ಕೆಳಗೆ ಕೋಳಿ. ಅವ್ವ ನನ್ನ ಜೊತೆ ಬಿಳಿಚೋಡಿಗೆ ಬಂದರು. ಆರು ವರ್ಷದ ಮೇಲೆ ಅಣ್ಣ ಹಳೆಯ ಕೊಟ್ಟಿಗೆ ಕೆಡವಿಸುವಾಗ ಫೋನು ಮಾಡಿ, "ಅಪ್ಪನ ಸೈಕಲ್ನ ಗುಜರಿಯೋನು ಕೇಳ್ತಾನೆ, ಕೊಟ್ಟುಬಿಡ್ಲಾ?" ಎಂದ. ಬೇಡವೆಂದೆ. ಅವನು ನಕ್ಕು, ಈರುಳ್ಳಿ ತರುವ ಟೆಂಪೋದಲ್ಲಿ ಹಾಕಿ ಕಳಿಸಿದ.

ಅದು ನಮ್ಮ ಮನೆ ಮುಂದೆ ಇಳಿದಾಗ ನೋಡಬೇಕಿತ್ತು. ಟಯರುಗಳು ಹಾವಿನ ಪೊರೆಯ ಹಾಗೆ ಸುಲಿದುಬಂದಿದ್ದವು. ರಿಮ್ಮನ್ನು ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಚರ್ಮದ ಸೀಟನ್ನು ಇಲಿ ತಿಂದು ಬರೀ ಸ್ಪ್ರಿಂಗು ಉಳಿದಿತ್ತು. ಆದರೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಫ್ರೇಮಿನ ಕರಿ ಬಣ್ಣ ಅಲ್ಲಲ್ಲಿ ಇನ್ನೂ ಮಿಂಚಿತು. ಅವ್ವ ಬಾಗಿಲಲ್ಲಿ ನಿಂತು ನೋಡಿದರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದ ಸದ್ದು ಕೇಳಿಸಿತು.

ಸೈಕಲ್ ಶಾಪಿನ ಚಾಚಾಗೆ ಎಪ್ಪತ್ತರ ಮೇಲಾಗಿದೆ. ಈಗ ಅವರ ಅಂಗಡಿಯಲ್ಲಿ ಬೈಕಿನ ಪಂಕ್ಚರೇ ಹೆಚ್ಚು. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಒಂದಷ್ಟು ವರ್ಷ ಅವರಿಗೂ ಸುಗ್ಗಿ, ನಮಗೂ ಸುಗ್ಗಿ. ಶಾಲೆಯ ಬೇವಿನ ಮರದ ಕೆಳಗೆ ಸಾಲಾಗಿ ನಿಂತ ಸೈಕಲ್ಲುಗಳನ್ನು, ಸಂಜೆ ಬೆಲ್ಲು ಹೊಡೆದೊಡನೆ ಅವನ್ನೇರಿ ಹಾರಿಹೋಗುವ ಹುಡುಗಿಯರನ್ನು ನೋಡುತ್ತಾ ನಾನು ಎಷ್ಟೋ ದಿನ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತದ್ದುಂಟು. ಕೊರೊನಾದ ಹೊತ್ತಿಗೆ ಅದು ನಿಂತುಹೋಯಿತು.

ಚಾಚಾ ಕೊಕ್ಕರೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಫ್ರೇಮಿಗೆ ಪಾನಾದಿಂದ ಒಂದು ಪೆಟ್ಟು ಹಾಕಿ, ದೇವಸ್ಥಾನದ ಗಂಟೆ ಕೇಳುವವರ ಹಾಗೆ ಕಿವಿಗೊಟ್ಟರು. "ಕಬ್ಬಿಣ ಗಟ್ಟಿ ಐತೆ ಮೇಡಮ್ಮೋರೆ. ಮಿಕ್ಕಿದ್ದು ಏನೂ ಇಲ್ಲ" ಎಂದರು. ಹಳೆಯ ಉಕ್ಕಿನ ಫ್ರೇಮುಗಳ ಗುಣವೇ ಅದಂತೆ. ಕೊಳವೆಗಳ ತುದಿಯನ್ನು ಒಂದೊಂದು ಕುಪ್ಪಿಗೆಯೊಳಗೆ ಕೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಬೆಂಡಾದರೆ ತಿದ್ದಬಹುದು, ಬಿರುಕು ಬಿಟ್ಟರೆ ಮತ್ತೆ ಬೆಸೆಯಬಹುದು. ಹೊಸ ಅಲ್ಯೂಮಿನಿಯಂ ಫ್ರೇಮು ಹಗುರ, ನೋಡಲು ಚೆಂದ. ಆದರೆ ಬೆಂಡಾದರೆ ತಿದ್ದಲು ಹೋಗಬಾರದು.

ಬಿಚ್ಚುವುದಕ್ಕೇ ಐದು ದಿನ ಹಿಡಿಯಿತು. ಪೆಡಲಿನ ಕ್ರ್ಯಾಂಕನ್ನು ಹಿಡಿದಿಡುವ ಕಾಟರ್ ಪಿನ್ನುಗಳು ತುಕ್ಕಿನಲ್ಲಿ ಒಂದಾಗಿಬಿಟ್ಟಿದ್ದವು. ಸೀಮೆಎಣ್ಣೆಯಲ್ಲಿ ನೆನೆಸೋಣವೆಂದರೆ ಈಗ ಸೀಮೆಎಣ್ಣೆ ಎಲ್ಲಿದೆ? ಡೀಸೆಲ್ಲಿನಲ್ಲಿ ಮೂರು ದಿನ ನೆನೆಸಿ, ಬಡಿದು, ಬೈದು ತೆಗೆದದ್ದಾಯಿತು. ಎಡಗಡೆಯ ಪೆಡಲನ್ನು ನಾನೇ ಬಿಚ್ಚುತ್ತೇನೆಂದು ಪಾನಾ ಹಿಡಿದು ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. ಅಲುಗಲಿಲ್ಲ. ಚಾಚಾ ಬೀಡಿ ಆರಿಸಿ, "ನೀವು ಬಿಗಿ ಮಾಡ್ತಾ ಇದೀರಿ" ಎಂದರು. ಎಡಗಡೆಯ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ, ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದು. ಕೈಗಾರಿಕಾ ಕ್ರಾಂತಿಯ ಪಾಠವನ್ನು ಮೂವತ್ತು ವರ್ಷ ಮಾಡಿದ್ದೇನೆ, ಬರ್ಮಿಂಗ್‌ಹ್ಯಾಮು ನಾಟಿಂಗ್‌ಹ್ಯಾಮುಗಳನ್ನು ಭೂಪಟದಲ್ಲಿ ತೋರಿಸಿದ್ದೇನೆ. ಇಷ್ಟು ಗೊತ್ತಿರಲಿಲ್ಲ.

ಈ ಸುದ್ದಿ ಬೆಂಗಳೂರಿಗೆ ಹೋಯಿತು. ಅಣ್ಣನ ಮಗ ಭಾನುವಾರ ತಲೆಗೆ ಹೆಲ್ಮೆಟ್ಟು ಕಟ್ಟಿಕೊಂಡು ನಂದಿಬೆಟ್ಟಕ್ಕೆ ಸೈಕಲ್ ಹೊಡೆಯುವವನು. ಅವನಿಗೆ ತಾತನ ಸೈಕಲ್ಲೆಂದರೆ ಭಾರಿ ಉತ್ಸಾಹ ಬಂದು, "ಅತ್ತೆ, ಏನೂ ಕೊಳ್ಳಬೇಡಿ, ನಾನು ಕಳಿಸ್ತೀನಿ" ಎಂದು ಒಂದು ಪೆಟ್ಟಿಗೆ ಕಳಿಸಿದ. ಪೆಟ್ಟಿಗೆಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಎರಡು ಅಲ್ಯೂಮಿನಿಯಂ ರಿಮ್ಮು, ಪೆಡಲಿನ ಕ್ರ್ಯಾಂಕು ತಿರುಗುವ ಕಡೆ ಹಾಕಲು ಗ್ರೀಸೇ ಬೇಡದ ಸೀಲ್ಡ್ ಬೇರಿಂಗು, ಚಾರ್ಜು ಮಾಡುವ ಎಲ್‌ಇಡಿ ದೀಪ, ಅಗಲವಾದ ಮೆತ್ತನೆಯ ಸೀಟು.

ಚಾಚಾ ರಿಮ್ಮಿನ ತೂತುಗಳನ್ನು ಎಣಿಸಿದರು. ಮೂವತ್ತಾರು, ಮೂವತ್ತಾರು. ನಮ್ಮ ಸೈಕಲ್ಲಿನ ಹಬ್ಬಿನಲ್ಲಿ ಮುಂದೆ ಮೂವತ್ತೆರಡು, ಹಿಂದೆ ನಲವತ್ತು ಕಡ್ಡಿ. ಇಂಗ್ಲೆಂಡಿನವರು ಹಿಂದಿನ ಚಕ್ರಕ್ಕೆ ಭಾರ ಹೆಚ್ಚೆಂದು ಹಾಗೆ ಮಾಡಿದ್ದರು. ನಮ್ಮ ದೇಶದ ದೊಡ್ಡ ಸೈಕಲ್ಲುಗಳೂ ಅದೇ ಅಳತೆಯಲ್ಲಿ ಬಂದವು. "ನಲವತ್ತಕ್ಕೂ ಮೂವತ್ತಾರಕ್ಕೂ ಮದುವೆ ಮಾಡಿಸ್ತೀರಾ?" ಎಂದು ಚಾಚಾ ರಿಮ್ಮನ್ನು ಗೋಡೆಗೆ ಒರಗಿಸಿದರು. ಆಮೇಲೆ ಸೀಲ್ಡ್ ಬೇರಿಂಗು. ಅದು ಎರಡು ಸುತ್ತು ಒಳಗೆ ಹೋಗಿ ಕಚ್ಚಿಕೊಂಡಿತು. ಅಣ್ಣನ ಮಗ ಫೋನಿನಲ್ಲೇ ಹುಡುಕಿ ತಿಳಿಸಿದ: ಉಳಿದ ಇಂಗ್ಲಿಷ್ ಸೈಕಲ್ಲುಗಳಿಗೆ ಅಲ್ಲಿ ಇಂಚಿಗೆ 24 ಸುತ್ತಿನ ಥ್ರೆಡ್ಡು, ರ್‍ಯಾಲಿಯವರು ಮಾತ್ರ ತಮ್ಮದೇ ಒಂದು ಹಟ ಹಿಡಿದು 26 ಸುತ್ತು ಕೊರೆಯುತ್ತಿದ್ದರಂತೆ. ಬೇರೆಯವರ ಸಾಮಾನು ತಮ್ಮದಕ್ಕೆ ಸೇರಬಾರದು! ಅಷ್ಟು ಹಟ ಮಾಡಿದ ನಾಟಿಂಗ್‌ಹ್ಯಾಮಿನ ಆ ಕಾರ್ಖಾನೆ 2002ರಲ್ಲಿ ಸೈಕಲ್ ಮಾಡುವುದನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲಿ ಬಂಗಾಳದ ಆಸನ್ಸೋಲಿನಲ್ಲಿ ಸೆನ್-ರ್‍ಯಾಲಿ ಎಂದು ಅದೇ ಹೆಸರಿನ ಸೈಕಲ್ ಮಾಡುತ್ತಿದ್ದ ಕಾರ್ಖಾನೆಯೂ ಮುಚ್ಚಿಹೋಯಿತು. ಎಂಟೂರಿನ ಧೂಳು ಕುಡಿದ ನಮ್ಮ ಸೈಕಲ್ಲು ಮಾತ್ರ ಬಿಳಿಚೋಡಿನಲ್ಲಿ ಕಾಲು ಮೇಲೆ ಮಾಡಿ ನಿಂತಿತ್ತು.

ಕೊನೆಗೆ ಹೀಗೆ ತೀರ್ಮಾನವಾಯಿತು. ಒಳಗಿನ ಹಳೆಯ ಕಪ್ಪುಗಳು ಗಟ್ಟಿಯಾಗಿಯೇ ಇದ್ದವು, ಅವೇ ಇರಲಿ. ಗುಂಡುಗಳು ಮಾತ್ರ ಹೊಸವು, ಆಚೆಗೆ ಹನ್ನೊಂದು, ಈಚೆಗೆ ಹನ್ನೊಂದು. ದಾವಣಗೆರೆಯಿಂದ ಇಪ್ಪತ್ತೆಂಟು ಇಂಚಿನ ಹೊಸ ಕಬ್ಬಿಣದ ರಿಮ್ಮು, ಹೊಸ ಕಡ್ಡಿ, ಟಯರು, ಟ್ಯೂಬು. ಆ ಅಳತೆಯ ಟಯರು ಇಂಗ್ಲೆಂಡಿನಲ್ಲೇ ಹುಡುಕಿ ತರಬೇಕಾದ ವಸ್ತುವಂತೆ; ನಮ್ಮಲ್ಲಿ ಯಾವ ಪೇಟೆಯಲ್ಲಾದರೂ ಸಿಗುತ್ತದೆ, ಹಾಲಿನವರೂ ಪಾತ್ರೆಯವರೂ ಇಂದಿಗೂ ಆ ಸೈಕಲ್ಲನ್ನು ಬಿಟ್ಟಿಲ್ಲವಾದ್ದರಿಂದ. ರಾಡ್ ಬ್ರೇಕು ಹಳೆಯದೇ, ರಬ್ಬರು ಹೊಸದು. ಪೆಡಲುಗಳು ಅಣ್ಣನ ಮಗಳಿಗೆ ಎಂಟನೇ ತರಗತಿಯಲ್ಲಿ ಸಿಕ್ಕಿದ ಸೈಕಲ್ಲಿನವು. ದೀಪ, ಸೀಟು ಬೆಂಗಳೂರಿನವು. ಅಣ್ಣ ಲೆಕ್ಕ ಕೇಳಿ, "ಇಷ್ಟರಾಗೆ ಹೊಸ ಸೈಕಲ್ಲೇ ಬರ್ತಿತ್ತಲ್ಲೇ" ಎಂದ. ಬರುತ್ತಿತ್ತು, ಸುಳ್ಳಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಐವತ್ತೈದನೇ ವಯಸ್ಸಿನಲ್ಲಿ ನಾನು ಆ ಬಾರಿನ ಮೇಲಿಂದ ಕಾಲೆತ್ತಿ ಹಾಕುವುದು ಹೇಗೆ? ಚಾಚಾ ಸಲೀಸಾಗಿ, "ಕಟ್ ಮಾಡ್ಸಿ ಕೆಳಗೆ ವೆಲ್ಡಿಂಗ್ ಹೊಡ್ಸಿದ್ರೆ ಲೇಡೀಸ್ ಸೈಕಲ್ ಆಯ್ತದೆ" ಎಂದರು. ಎರಡು ದಿನ ಯೋಚಿಸಿದೆ. ಸುಳ್ಳೇಕೆ, ಒಂದು ಹಂತದಲ್ಲಿ ಹೂಂ ಎಂದೂ ಬಿಟ್ಟಿದ್ದೆ. ಅದೇ ರಾತ್ರಿ, ಜಿ.ಎನ್. ಮೋಹನ್ ಕನ್ನಡಕ್ಕೆ ತಂದ ಪಿ. ಸಾಯಿನಾಥರ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಪುಸ್ತಕದಲ್ಲಿ ಹಿಂದೆಂದೋ ಓದಿದ್ದು ನೆನಪಾಯಿತು. ತೊಂಬತ್ತರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಅಲ್ಲಿ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಎಂಬ ಮಹಿಳೆ. ಕೂಲಿಯವರು, ಕಲ್ಲು ಕ್ವಾರಿಯವರು, ಅಂಗನವಾಡಿಯವರು, ಹೀಗೆ ಸಾವಿರಾರು ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಅವರು ಗಂಡಸರ ಸೈಕಲ್ಲನ್ನೇ ಹತ್ತಿದರು. ಕೆಲವರಿಗಂತೂ ಅದೇ ಮೇಲೆನಿಸಿತು. ಏಕೆಂದರೆ ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು! ಸೀರೆ ಉಟ್ಟ ಆ ಕೂಲಿ ಹೆಂಗಸರು ಹತ್ತಿದ ಬಾರು ನನಗೇನು ಮಹಾ? ಬೆಳಿಗ್ಗೆ ಎದ್ದವಳೇ ಹೋಗಿ, "ಕಟ್ ಮಾಡಬೇಡಿ ಚಾಚಾ, ನಾನು ಚೂಡಿದಾರ್ ಹಾಕ್ಕೊಳ್ತೀನಿ" ಎಂದೆ. ಅವರು ತಲೆಯೆತ್ತದೆ, "ಅಲ್ಲಾಹ್ ದೊಡ್ಡೋನು" ಎಂದರು. ಯಾವ ಅರ್ಥದಲ್ಲೋ ತಿಳಿಯದು.

ಆದರೆ ನಾನು ಹೇಳಬೇಕೆಂದಿರುವ ಸಂಗತಿ ಇದ್ಯಾವುದೂ ಅಲ್ಲ.

ಕೆಲಸ ಮುಗಿಯುತ್ತ ಬಂದಾಗ ಹಳೆಯ ಸಾಮಾನೆಲ್ಲ ಒಂದು ಗೋಣಿಚೀಲದಲ್ಲಿ ಮನೆಗೆ ಬಂತು. ಮಾರನೆಯ ದಿನ ಗುಜರಿಯವನಿಗೆ ಹಾಕುವುದೆಂದು ಪಡಸಾಲೆಯಲ್ಲಿಟ್ಟಿದ್ದೆ. ಸಂಜೆ ಬಂದು ನೋಡಿದರೆ ಅವ್ವ ಚೀಲ ಬಿಚ್ಚಿ, ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ತುಕ್ಕು ಹಿಡಿದ ಚೈನು, ಮುರಿದ ಕಡ್ಡಿಗಳು, ಸೀಟಿನ ಸ್ಪ್ರಿಂಗು. ಒಂದು ಡಬ್ಬಿಯ ಮುಚ್ಚಳದಲ್ಲಿ ಹಳೆಯ ಗುಂಡುಗಳನ್ನು ಚಾಚಾ ಹಾಕಿಟ್ಟಿದ್ದರು. ಅವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸುತ್ತಿದ್ದರು.

"ಇವೇನೇ ಗುಂಡು?"

"ಪೆಡಲಿನ ನಡುವೆ ಇರ್ತಾವವ್ವ. ಅವು ಉರುಳಿದ್ರೆ ಸೈಕಲ್ ಹಗುರಾಗಿ ಓಡೋದು."

"ಹೂಂ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಗುಂಡಿನ ಸರ ಹೋಗಿ ಇವು ಬಂದ್ವು" ಎಂದರು.

ನನಗೆ ಮೊದಲು ತಿಳಿಯಲೇ ಇಲ್ಲ. ಅವ್ವ ಮದುವೆಯಾಗಿ ಬಂದದ್ದು 1961ರಲ್ಲಿ, ಹದಿನಾರನೇ ವಯಸ್ಸಿಗೆ. ತವರಿನವರು ಚಿನ್ನದ ಗುಂಡಿನ ಸರವೊಂದನ್ನು ಹಾಕಿದ್ದರಂತೆ. ಅದನ್ನು ನಾನು ನೋಡಿಯೇ ಇಲ್ಲ. ಅಂಥದೊಂದು ಇತ್ತೆಂದು ಯಾರೂ ಹೇಳಿಯೂ ಇಲ್ಲ. ಮಾರನೆಯ ವರ್ಷ ಅದು ದಾವಣಗೆರೆಯ ಗಿರವಿ ಅಂಗಡಿಗೆ ಹೋಯಿತು, ಅಲ್ಲಿಂದ ಸೈಕಲ್ಲು ಬಂತು.

"ಅಪ್ಪ ವ್ಯಾಪಾರದ ಲಾಭದಾಗೆ ತಂದೆ ಅಂತಿದ್ರಲ್ಲ?"

"ಸೈಕಲ್ ಇಲ್ದೆ ಯಾಪಾರ ಎಲ್ಲಿತ್ತು? ತಲೆ ಮ್ಯಾಲೆ ಗಂಟು ಹೊತ್ತು ದಿನಕ್ಕೊಂದು ಊರು ತಿರುಗೋರು. ಲಾಭ ಬಂದಿದ್ದು ಸೈಕಲ್ ಬಂದ ಮ್ಯಾಲೆ."

"ಬಿಡಿಸಿಕೊಡಲಿಲ್ವ?"

"ಬಿಡಿಸ್ತೀನಿ ಅಂದ್ರು. ನಿಮ್ಮಣ್ಣ ಹುಟ್ಟಿದ. ಆಮೇಲೆ ಮಳೆ ಹೋತು. ಆಮೇಲೆ ನೀನು. ಅಷ್ಟರಾಗೆ ಬಡ್ಡಿ ಬೆಳೆದು ಅದು ಅವನದೇ ಆತು."

"ನೀನು ಕೇಳಲಿಲ್ವೇನವ್ವ?"

"ಒಂದ್ಸಲ ಕೇಳಿದ್ದೆ." ಅವ್ವ ಗುಂಡುಗಳನ್ನು ಮುಚ್ಚಳದಿಂದ ಅಂಗೈಗೆ ಸುರಿದುಕೊಂಡರು. "ನಿನ್ನ ಹೈಸ್ಕೂಲಿಗೆ ಕೂರಿಸ್ಕೊಂಡು ಹೋಗಾಕೆ ಸುರು ಮಾಡಿದ ಮ್ಯಾಲೆ ಕೇಳಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನಮ್ಮಪ್ಪ ಸುಳ್ಳುಗಾರರಲ್ಲ. ಹತ್ತು ಪೈಸೆ ಹೆಚ್ಚು ಬಂದಿದೆಯೆಂದು ತಿಳಿದರೆ ಮರುವಾರ ಆ ಊರಿಗೇ ಹೋಗಿ ವಾಪಸು ಕೊಟ್ಟು ಬರುತ್ತಿದ್ದವರು. ಈ ಒಂದು ಕಡೆ ಮಾತ್ರ, ಮೊದಲು ನಾಚಿಕೆಯಿಂದ ಹೇಳಿದ್ದಿರಬೇಕು, ಆಮೇಲೆ ಹೇಳಿ ಹೇಳಿ ಅವರಿಗೇ ನಿಜವಾಗಿರಬೇಕು. ನಾನಾದರೂ ಏನು ಮಾಡಿದೆ? ಮೂವತ್ತು ವರ್ಷ ಮೈಕಿನ ಮುಂದೆ ಅದನ್ನೇ ಗಟ್ಟಿಯಾಗಿ ಹೇಳಿದೆ. ಒಮ್ಮೆ ಮುಂದಿನ ಸಾಲಿನಲ್ಲಿ ಅವ್ವನನ್ನೇ ಕೂರಿಸಿಕೊಂಡು ಹೇಳಿದ್ದೆ. ಅವರು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಂದು ರಾತ್ರಿ ನಿದ್ದೆ ಹತ್ತದೆ ಇನ್ನೊಂದನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಅವ್ವ ಆ ಸೈಕಲ್ಲಿನ ಮೇಲೆ ಕೂತದ್ದನ್ನು ನಾನು ಯಾವಾಗ ನೋಡಿದ್ದೆ? ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗುತ್ತಿದ್ದೆವು. ಬಾರಿನ ಮೇಲೆ ನಾನು, ಕ್ಯಾರಿಯರಿನ ಮೇಲೆ ಅಣ್ಣ, ಅಪ್ಪ ಬೆಲ್ಲು ಬಾರಿಸುತ್ತಾ ಮುಂದೆ. ಹಿಂದೆ ಬಹಳ ದೂರದಲ್ಲಿ, ರೊಟ್ಟಿ ಬುತ್ತಿಯ ಪುಟ್ಟಿ ಹೊತ್ತು, ಅಜ್ಜಿಯ ಜೊತೆ ಅವ್ವ. ನಾವು ಮರದ ನೆರಳಿನಲ್ಲಿ ನಿಂತು ಕಾಯುತ್ತಿದ್ದೆವು. ಅವರು ಬಂದು ಮುಟ್ಟುವ ಹೊತ್ತಿಗೆ ನಮ್ಮ ದಣಿವು ಆರಿ ಹೊರಡುತ್ತಿದ್ದೆವು. ಅತ್ತೆಯ ಮುಂದೆ ಗಂಡನ ಸೈಕಲ್ ಏರುವುದೆಂದರೆ ಆಗ ಸಾಧಾರಣ ಮಾತಲ್ಲ. ಅಜ್ಜಿ ಹೋದ ಮೇಲಾದರೂ? ಬಸ್ಸು ಬಂದಿತ್ತು. ಅವ್ವ ಬಸ್ಸಿನಲ್ಲಿ ಹೋದರು, ಅಪ್ಪ ಸೈಕಲ್ಲಿನಲ್ಲಿ.

ಬೆಳಿಗ್ಗೆ ಗುಜರಿಯವನು ಬಂದ. ಅವ್ವ ಅವನ ಹತ್ತಿರ ಕಿಲೋಗೆ ಎರಡು ರೂಪಾಯಿ ಹೆಚ್ಚು ಮಾಡಿಸಿ, ತಾವೇ ತೂಕ ನೋಡಿ, ಎಲ್ಲವನ್ನೂ ಹಾಕಿದರು. ಗುಂಡುಗಳನ್ನೂ. ನಾನು ತಡೆಯಲು ಹೋದೆ. "ತುಕ್ಕು ಹಿಡಿದಿದ್ದು ಇಟ್ಕೊಂಡು ಏನ್ ಮಾಡ್ತೀಯೆ?" ಎಂದರು. ಬಂದ ದುಡ್ಡನ್ನು ನನಗೆ ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಸೈಕಲ್ಲು ಸಿದ್ಧವಾಯಿತು. ಮೊದಲ ಸಲ ಓಡಿಸಿದ್ದು ಶಾಲೆಯ ಮೈದಾನದಲ್ಲಿ, ಬೆಳಿಗ್ಗೆ ಐದೂವರೆಗೆ, ಯಾರೂ ಇರುವುದಿಲ್ಲವೆಂದು. ನೀರಿನ ಟ್ಯಾಂಕಿನ ಹತ್ತಿರ ನಾಲ್ಕು ಹುಡುಗರು ಇದ್ದೇ ಇದ್ದರು. ಮೊದಲ ಸುತ್ತಿನಲ್ಲಿ ಮೊಣಕಾಲು ಕಿರುಗುಟ್ಟಿತು, ಎರಡನೆಯ ಸುತ್ತಿನಲ್ಲಿ ಎದೆ. ಏರು ಬಂದರೆ ತುಳಿಯಲಾಗುತ್ತಿರಲಿಲ್ಲ. ಚಾಚಾ ಹಿಂದಿನ 18 ಹಲ್ಲಿನ ಫ್ರೀವೀಲು ತೆಗೆದು 22 ಹಲ್ಲಿನದು ಹಾಕಿ, ಚೈನಿಗೆ ಎರಡು ಕೊಂಡಿ ಸೇರಿಸಿದರು. ಬಿ.ಎ. ಓದಿದ ನನಗೆ ಇದರ ಮರ್ಮ ತಿಳಿಯಲಿಲ್ಲ. ನಮ್ಮ ಲೆಕ್ಕದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ ಬರೆದು ತೋರಿಸಿದರು. ಮುಂದಿನ ಚಕ್ರದಲ್ಲಿ ಹಲ್ಲು 46, ಗಾಲಿಯ ಸುತ್ತಳತೆ 2.23 ಮೀಟರು. ಪೆಡಲು ಒಂದು ಸುತ್ತು ತುಳಿದರೆ ಮೊದಲು ಸೈಕಲ್ಲು 5.7 ಮೀಟರು ಹೋಗುತ್ತಿತ್ತು, ಈಗ 4.7 ಮೀಟರು. ಒಂದು ಮೀಟರು ಕಡಿಮೆ ಹೋಗುತ್ತದೆ, ಅಷ್ಟು ಶ್ರಮವೂ ಕಡಿಮೆ. "ಅಂದರೆ ಮೇಡಂ, ನಿಮ್ಮ ತಂದೆಯವರು ಪ್ರತಿ ತುಳಿತಕ್ಕೂ ನಿಮಗಿಂತ ಒಂದು ಮೀಟರು ಮುಂದೆ" ಎಂದರು. ಆಷಾಢದ ಎದುರು ಗಾಳಿಯಲ್ಲಿ, ಹಿಂದೆ ಬಟ್ಟೆಯ ಗಂಟು, ಅದರ ಪಕ್ಕದಲ್ಲಿ ನಾನು. ಅಪ್ಪನ ಮೇಲೆ ಬಂದಿದ್ದ ಮುನಿಸು ಪೂರ್ತಿ ಹೋಗಲಿಲ್ಲ. ಆದರೆ ಅದೊಂದೇ ಅಲ್ಲಿ ನಿಲ್ಲಲು ಆಗಲಿಲ್ಲ.

ಬೆಂಗಳೂರಿನ ಒಬ್ಬರು ಅಣ್ಣನ ಮಗನ ಮೂಲಕ ಹದಿನೈದು ಸಾವಿರಕ್ಕೆ ಕೇಳಿದರು. ಹಳೆಯ ಸಾಮಾನು ಸಂಗ್ರಹಿಸುವವರಂತೆ. ಗೋಡೆಗೆ ತೂಗುಹಾಕುತ್ತಾರಂತೆ. ಈ ಸಲ ನಾನು ಅವ್ವನನ್ನು ಕೇಳಿದೆ. "ನಿನ್ನ ದುಡ್ಡವ್ವ ಇದು, ಹದಿನೈದು ಸಾವಿರಕ್ಕೆ ಎರಡು ಗುಂಡಾದರೂ ಬರುತ್ತೆ" ಎಂದೆ. ಅವ್ವ ನನ್ನ ಮುಖವನ್ನು, ಲೆಕ್ಕ ತಪ್ಪಿದ ಮಗುವನ್ನು ನಾವು ನೋಡುತ್ತೇವಲ್ಲ, ಹಾಗೆ ನೋಡಿದರು. "ಈಗ ಸರ ಹಾಕ್ಕೊಂಡು ಯಾರ ಮದ್ವಿಗೆ ಹೋಗಲಿ? ನೀನೇ ಹೊಡಿ" ಎಂದರು.

ಅದಾದ ವಾರಕ್ಕೆ ಸಂತೆ. ಎಪ್ಪತ್ತೆಂಟಾದರೂ ಸಂತೆಗೆ ಅವ್ವ ಬಾರದೆ ಇರುವುದಿಲ್ಲ. ನಾನು ಬದನೆಕಾಯಿ ಆರಿಸಿದರೆ ಹುಳುಕು ಬರುತ್ತದೆಂಬುದು ಅವರ ದೃಢವಾದ ನಂಬಿಕೆ. ಸೈಕಲ್ಲು ಹೊರಗೆ ತಂದು, ಕ್ಯಾರಿಯರಿಗೆ ಹಳೆಯ ದುಪ್ಪಟಿ ಮಡಿಸಿ ಕಟ್ಟಿದ್ದೆ. "ಕೂತ್ಕೊ ಅವ್ವ, ತುಳಿಯಲ್ಲ, ಮೆಲ್ಲಗೆ ತಳ್ಕೊಂಡು ಹೋಗ್ತೀನಿ" ಎಂದೆ. ಅವ್ವ ಕ್ಯಾರಿಯರನ್ನು ಕೈಯಿಂದ ಒತ್ತಿ ನೋಡಿದರು, ದುಪ್ಪಟಿಯನ್ನು ನೋಡಿದರು.

"ಬೀಳ್ಸಿದ್ರೆ ಸೊಂಟ ಮುರೀತದೆ. ನಿನಗೇ ಮಾಡೋ ಕೆಲ್ಸ" ಎಂದರು.

ಕೈಯಲ್ಲಿದ್ದ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದರು. ಛತ್ರಿಯನ್ನೂ ಸಿಕ್ಕಿಸಿದರು. ಸೆರಗು ಬಿಗಿ ಮಾಡಿಕೊಂಡು, ಕೈ ಬೀಸುತ್ತಾ, ಏನೂ ಹೊರದೆ, ಮುಂದೆ ಮುಂದೆ ಹೊರಟರು. ನಾನು ಸೈಕಲ್ಲು ತಳ್ಳಿಕೊಂಡು ಹಿಂದೆ ನಡೆದೆ. ದಾರಿಯಲ್ಲಿ ಅಡ್ಡ ನಿಂತಿದ್ದ ಎಮ್ಮೆಗೆ ಒಂದು ಸಲ ಬೆಲ್ಲು ಹೊಡೆದೆ. ಅವ್ವ ಹಿಂದಿರುಗಿ ನೋಡದೆ, "ಬೆಲ್ಲೂ ಹೊಸಾದೇನೇ?" ಎಂದು ಕೇಳಿದರು.

"ಇಲ್ಲವ್ವ, ಹಳೇದೇ."

"ಅದೇ ಅನ್ಕೊಂಡೆ" ಎಂದರು.